ನಾಯಿಗೆ ನಿಂಬೆಹಣ್ಣು ಏಕೆ ಬೇಡ?

ಪ್ರಶ್ನೆ: ವಿಟಮಿನ್ ಸಿ ಸಿಗದಿದ್ದರೆ ನಮಗೆ ಸ್ಕರ್ವಿ ಬರುತ್ತದಂತೆ. ಹುಳಿಹಣ್ಣನ್ನು ಮೂಸಿಯೂ ನೋಡದ ನಾಯಿ, ಬೆಕ್ಕುಗಳಿಗೆ ಏಕೆ ಬರುವುದಿಲ್ಲ?

ಉತ್ತರ: ಅವು ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲೇ ಗ್ಲೂಕೋಸಿನಿಂದ ತಯಾರಿಸಿಕೊಳ್ಳುತ್ತವೆ. ಮೇಕೆಯಂತೂ ದಿನಕ್ಕೆ ಹಲವು ಗ್ರಾಂ ತಯಾರಿಸಬಲ್ಲದು. ಈ ಕೆಲಸದ ಕೊನೆಯ ಹಂತಕ್ಕೆ ಬೇಕಾದ ಕಿಣ್ವದ ಜೀನ್ ಕೋತಿ, ಚಿಂಪಾಂಜಿ, ಮನುಷ್ಯರ ವಂಶದಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಯಿತು. ಅದರ ಅವಶೇಷ ಈಗಲೂ ನಮ್ಮ ಡಿಎನ್‌ಎಯಲ್ಲಿದೆ. ಹಣ್ಣು, ಎಲೆ ಯಥೇಚ್ಛವಾಗಿ ಸಿಗುತ್ತಿದ್ದುದರಿಂದ ಆ ನಷ್ಟ ಬಾಧಿಸಲಿಲ್ಲ ಎಂಬುದು ಒಂದು ಊಹೆ. ಗಿನಿಪಿಗ್ ಕೂಡ ನಮ್ಮಂತೆಯೇ ಪರಾವಲಂಬಿ. 1907ರಲ್ಲಿ ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ ಅದರಲ್ಲಿ ಸ್ಕರ್ವಿ ಕಂಡದ್ದು ಅದೃಷ್ಟವೇ ಸರಿ. ಇಲಿಯನ್ನು ಆರಿಸಿದ್ದರೆ ಏನೂ ಕಾಣುತ್ತಿರಲಿಲ್ಲ.

ಮೈಯ ಅಂಗಾಂಶಗಳನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದೆ ಒಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ; ಇದೇ ಸ್ಕರ್ವಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲೂ ಅದು ನೆರವಾಗುತ್ತದೆ; ಕೋಸಂಬರಿಗೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ. ನೆಗಡಿ ಬಾರದಿರಲೆಂದು ಮಾತ್ರೆ ನುಂಗುವವರಿಗೆ ಮಾತ್ರ ನಿರಾಸೆ: ಸಾಮಾನ್ಯರಲ್ಲಿ ಅದು ನೆಗಡಿಯನ್ನು ತಡೆಯುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ದಿನಕ್ಕೊಂದು ಸೀಬೆಹಣ್ಣು ಧಾರಾಳವಾಯಿತು.