ನಿಮಗಿದು ಗೊತ್ತೇ? ಎಲುಬಿನ ಮೇಲೂ ಅರಳೆ ಅರಳುತ್ತದೆ!

ನಿಮ್ಮ ಎಲುಬು ಜೀವವಿಲ್ಲದ ಕಲ್ಲಲ್ಲ! ಹಳೆಯದನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಅಲ್ಲಿ ಹಗಲಿರುಳು ದುಡಿಯುತ್ತವೆ. ಸುಮಾರು 10 ವರ್ಷಕ್ಕೆ ಇಡೀ ಅಸ್ಥಿಪಂಜರವೇ ಹೊಸದು. ಕಿತ್ತೂರಿನ ಪಾಳುಬಿದ್ದ ವಾಡೆಗೆ ಈ ಭಾಗ್ಯ ಇದ್ದಿದ್ದರೆ ಎಷ್ಟು ಚೆಂದವಿತ್ತು!

ಈ ಕೆಲಸಕ್ಕೆ ಅವಸರ ಹತ್ತಿದರೆ? ಅದೇ ಪ್ಯಾಜೆಟ್ ಕಾಯಿಲೆ. ಹೆಚ್ಚಾಗಿ 50 ದಾಟಿದವರಿಗೆ ಬರುತ್ತದೆ. ಎಲುಬು ಕರಗಿಸುವ ಕೋಶಕ್ಕೆ ಸಾಮಾನ್ಯವಾಗಿ ಕೆಲವೇ ಕೋಶಕೇಂದ್ರಗಳು. ಇಲ್ಲಿ ಒಂದೇ ಕೋಶದೊಳಗೆ 100ರವರೆಗೂ ಇರಬಲ್ಲವು!

ಬೈಲಹೊಂಗಲದ ಪೇಟೆಯಲ್ಲಿ ಅರಳೆ ನೋಡಿದ್ದೀರಲ್ಲ? ಈ ಕಾಯಿಲೆ ಬಲಿತ ತಲೆಬುರುಡೆಯ ಎಕ್ಸ್‌ರೇ ನೋಡಿ. ಹಿಂಜಿದ ಅರಳೆಯನ್ನು ಅಲ್ಲಲ್ಲಿ ಅಂಟಿಸಿದ ಹಾಗೇ ಕಾಣುತ್ತದೆ. ವೈದ್ಯರೂ ಅದನ್ನು ಕರೆಯುವುದು ಹತ್ತಿಯ ಹೆಸರಿನಿಂದಲೇ!

ಗಟ್ಟಿ ಎಲುಬಿನ ನಾರುಗಳು ರಾಮದುರ್ಗದ ಮಗ್ಗದ ಹಾಸಿನಂತೆ ಸಾಲು ಹಿಡಿದಿರುತ್ತವೆ. ಅವಸರದಲ್ಲಿ ಕಟ್ಟಿದ ಎಲುಬಿನಲ್ಲಿ ಸಿಕ್ಕುಬಿದ್ದ ನೂಲು! ಹಾಗಾಗಿ ಎಲುಬು ದಪ್ಪವಾಗುತ್ತದೆ, ಆದರೂ ಬೇಗ ಮುರಿಯುತ್ತದೆ.

ತಲೆಯೂ ದೊಡ್ಡದಾಗುತ್ತದೆ! ಲಂಡನ್ನಿನ ವೈದ್ಯ ಜೇಮ್ಸ್ ಪ್ಯಾಜೆಟ್ ಒಬ್ಬ ರೋಗಿಯನ್ನು 1856ರಿಂದ ಸುಮಾರು 20 ವರ್ಷ ಗಮನಿಸಿದರು. ವರ್ಷ ಕಳೆದಂತೆ ಆತನ ಟೊಪ್ಪಿಗೆ ಬಿಗಿಯಾಗುತ್ತಲೇ ಹೋಯಿತು, ದೊಡ್ಡದನ್ನೇ ಕೊಳ್ಳಬೇಕಾಯಿತು. ಪ್ಯಾಜೆಟ್ ಅದನ್ನೆಲ್ಲ ಬರೆದಿಟ್ಟು 1877ರಲ್ಲಿ ಪ್ರಕಟಿಸಿದರು. ಪಟಕ ಸುತ್ತುವ ನಮ್ಮ ಕಡೆಯ ಅಜ್ಜನಾಗಿದ್ದರೆ ಇಷ್ಟು ಬೇಗ ಗೊತ್ತೇ ಆಗುತ್ತಿರಲಿಲ್ಲ!

ಮೊಣಕಾಲ ಕೆಳಗಿನ ಎಲುಬು ಬಿಲ್ಲಿನಂತೆ ಬಾಗುತ್ತದೆ. ಮೇಲೆ ಕೈಯಿಟ್ಟರೆ ಬೆಚ್ಚಗೆ! ನವಿಲುತೀರ್ಥದಿಂದ ಕಾಲುವೆಗೆ ನೀರು ಬಿಟ್ಟಂತೆ ಅಲ್ಲಿಗೆ ರಕ್ತ ನುಗ್ಗುತ್ತಿರುತ್ತದೆ.

ತಲೆಬುರುಡೆಗೆ ತಗುಲಿದರೆ ಕಿವಿ ಮಂದವಾಗಬಹುದು. ‘ವಯಸ್ಸಾಯಿತು’ ಅಂದುಕೊಂಡು ಮನೆಯವರು ಸುಮ್ಮನಾಗಿಬಿಡುತ್ತಾರೆ, ಪಾಪ!

ಎಡಗಾಲನ್ನು ಹಿಡಿದರೆ ಬಲಗಾಲಿಗೆ ದಾಟುವುದು ತೀರಾ ಅಪರೂಪ. ಮೊದಲು ಹಿಡಿದ ಎಲುಬಿನಲ್ಲೇ ವರ್ಷಗಟ್ಟಲೆ ಠಿಕಾಣಿ!

ಎಷ್ಟೋ ಮಂದಿಗೆ ನೋವೇ ಇಲ್ಲ. ಬಿದ್ದು ಪೆಟ್ಟಾಗಿ ಎಕ್ಸ್‌ರೇ ತೆಗೆಸಿದಾಗಲೋ, ರಕ್ತಪರೀಕ್ಷೆಯಲ್ಲಿ ಎಎಲ್‌ಪಿ ಎಂಬ ಕಿಣ್ವದ ಅಂಕಿ ಏರಿದಾಗಲೋ ಗುಟ್ಟು ರಟ್ಟಾಗುತ್ತದೆ!

ಬ್ರಿಟನ್ನಿನಲ್ಲಿ ಇದು ಹೆಚ್ಚು, ಏಷ್ಯಾದಲ್ಲಿ ಬಲು ವಿರಳ. ಆದರೂ ವೆಲ್ಲೂರಿನ ವೈದ್ಯರು ಇಂಥ ರೋಗಿಗಳನ್ನು ಕಂಡು ದಾಖಲಿಸಿದ್ದಾರೆ. ನಮ್ಮ ದಕ್ಷಿಣದಲ್ಲೂ ಇದೆ!

ಮದ್ದೇನು ಗೊತ್ತೇ? ಝೋಲೆಡ್ರೋನಿಕ್ ಆಮ್ಲ. ಸಲೈನಿನಂತೆ ನರಕ್ಕೆ ಒಮ್ಮೆ ಹನಿಸಲು ಸುಮಾರು 15 ನಿಮಿಷ ಸಾಕು, ಕರಗಿಸುವ ಕೋಶಗಳು ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಗಪ್‌ಚುಪ್! ಬಾಗಿದ ಎಲುಬು ಮಾತ್ರ ಮತ್ತೆ ನೆಟ್ಟಗಾಗುವುದಿಲ್ಲ. ಅದಕ್ಕೇ ಬೇಗ ತೋರಿಸಬೇಕು.