ಮನೆಗೊಂದು ಕೊಳವೆ ಬಾವಿ, ಓಣಿಗೊಂದು ಮನಸ್ಸು

ಕಲಬುರಗಿಯ ಬೇಸಿಗೆಯನ್ನು ಉಂಡವರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶವು 42 ಡಿಗ್ರಿಯನ್ನು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥದೊಂದು ಬೇಸಿಗೆಯಲ್ಲಿ ಖೂಬಾ ಪ್ಲಾಟಿನ ನಮ್ಮ ಓಣಿಗೆ ಕೊಳವೆ ಬಾವಿ ಕೊರೆಯುವ ಯಂತ್ರ ಬಂದು ನಿಂತಿತು. ಇರುಳೆಲ್ಲ ಅದರ ಆರ್ಭಟ. ಕಪ್ಪು ಶಿಲೆಯ ಹುಡಿ ಎಲ್ಲರ ಅಂಗಳದ ಮೇಲೆಯೂ ಬೂದಿಯಂತೆ ಹರಡಿತು. ಬೆಳಗಿನ ಜಾವಕ್ಕೆ ನೀರು ಬಿದ್ದಿತು. ಬಾವಿ ಕೊರೆಸಿದವರು ನಾವೇ. ಗಂಗಾಪೂಜೆ ಮಾಡಿ ಓಣಿಗೆಲ್ಲ ಸಕ್ಕರೆ ಹಂಚಿದೆವು.

ಹದಿನೈದು ದಿನ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಹಳೆಯ ಕೊಳವೆ ಬಾವಿ ಬತ್ತಿತು. ಆ ಮನೆಯ ತಾಯಿ ಜಗಳಕ್ಕೆ ಬರಲಿಲ್ಲ. ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಎರಡ ಕೊಡ ನೀರ ಕೊಡ್ರಿ" ಎಂದರು. ಕೊಟ್ಟೆವು. ಕೊಟ್ಟೆವೆಂಬ ಸಮಾಧಾನವೂ ನಮಗಿತ್ತು. ನೆಲದೊಳಗಿನ ಬಂಡೆಯ ಬಿರುಕುಗಳಿಗೆ ನಮ್ಮ ಕಂಪೌಂಡು ಗೋಡೆಯ ಗುರುತಿಲ್ಲ. ಒಂದೇ ಬಿರುಕಿನ ನೀರನ್ನು ನಾವು ಇನ್ನಷ್ಟು ಆಳಕ್ಕಿಳಿದು ಸೆಳೆದುಕೊಂಡಿರಬಹುದೆಂಬುದು ಆಮೇಲೆ ತಿಳಿಯಿತು. ಹಾಗಿದ್ದರೆ, ಅವರ ನೀರನ್ನೇ ಅವರಿಗೆ ದಾನವೆಂಬಂತೆ ಕೊಟ್ಟವರು ನಾವು.

ದಾಸೋಹವೆಂಬ ಮಾತನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ಮನೆತನ ನಮ್ಮದು. ಆದರೂ ಹೀಗಾಯಿತು. ಆ ಎರಡು ಕೊಡ ನೀರಿನ ಋಣವೇ ಈ ಲೇಖನವನ್ನು ಬರೆಸುತ್ತಿದೆ.

ಪರಿಸರ ಗ್ರಾಮವೆಂದರೇನು?

ನೆಲ, ನೀರು, ಗಾಳಿಗಳಿಗೆ ಕೇಡು ಮಾಡದೆ ಹತ್ತಾರು ಕುಟುಂಬಗಳು ಒಂದೆಡೆ ಕೂಡಿ ಬಾಳುವ ಪ್ರಯತ್ನಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಇಂಥ ನೆಲೆಗಳನ್ನು 'ಇಕೋವಿಲೇಜ್', ಅಂದರೆ ಪರಿಸರ ಗ್ರಾಮ ಎನ್ನುತ್ತಾರೆ. 1991ರಲ್ಲಿ ರಾಬರ್ಟ್ ಗಿಲ್ಮನ್ ಮತ್ತು ಡಯೇನ್ ಗಿಲ್ಮನ್ ದಂಪತಿಗಳು ಇಂಥ ಸಮುದಾಯಗಳ ಕುರಿತು ಒಂದು ವರದಿಯನ್ನು ಸಿದ್ಧಪಡಿಸಿದರು. ಜನರು ಒಬ್ಬರನ್ನೊಬ್ಬರು ಬಲ್ಲಷ್ಟು ಸಣ್ಣದಾಗಿರುವ, ವಾಸ, ದುಡಿಮೆ, ಊಟ, ವಿಶ್ರಾಂತಿಗಳೆಲ್ಲ ಒಂದೇ ಕಡೆ ದೊರೆಯುವ, ನಿಸರ್ಗಕ್ಕೆ ಹಾನಿ ಮಾಡದೆ ಮುಂದಿನ ಕಾಲಕ್ಕೂ ಬಾಳುವ ನೆಲೆ ಎಂಬುದು ಅವರ ವಿವರಣೆಯ ಸಾರ. 1995ರಲ್ಲಿ ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ ಎಂಬಲ್ಲಿ ಇಂಥವರೆಲ್ಲ ಸಭೆ ಸೇರಿದರು; ಪರಿಸರ ಗ್ರಾಮಗಳ ಜಾಗತಿಕ ಒಕ್ಕೂಟವು ರೂಪುಗೊಂಡದ್ದು ಆ ಕಾಲದಲ್ಲಿಯೇ.

ಆ ಫಿಂಡ್‌ಹಾರ್ನ್ ನೆಲೆಯ ಆರಂಭವು 1962ರಲ್ಲಿ, ಸಮುದ್ರ ತೀರದ ಮರಳು ನೆಲದಲ್ಲಿ, ಗಾಲಿಯ ಮೇಲಿನ ಒಂದು ಸಣ್ಣ ಮನೆಯಲ್ಲಿ. ಮುಂದೆ ಅಲ್ಲಿ ಗಾಳಿಯಂತ್ರಗಳು ಬಂದವು, ಗಿಡಗಳ ಬೇರಿನಿಂದಲೇ ಕೊಳಚೆ ನೀರನ್ನು ಶುದ್ಧಗೊಳಿಸುವ ವ್ಯವಸ್ಥೆ ಬಂದಿತು. ಆದರೆ ಎಲ್ಲವೂ ಸುಗಮವಾಗಿ ಸಾಗಿತೆಂದಲ್ಲ. ಹಣದ ಮುಗ್ಗಟ್ಟಿನಿಂದ ಅಲ್ಲಿನ ಪ್ರತಿಷ್ಠಾನವು 2023ರಲ್ಲಿ ತನ್ನ ಶಿಕ್ಷಣ ಕಾರ್ಯಕ್ರಮಗಳನ್ನು ನಿಲ್ಲಿಸಬೇಕಾಯಿತು.

ನಮ್ಮ ದೇಶದಲ್ಲಿ ಹೆಸರಾದುದು ಪುದುಚೇರಿಯ ಸಮೀಪದ ಆರೋವಿಲ್. 1968ರ ಫೆಬ್ರವರಿ 28ರಂದು ನೂರಕ್ಕೂ ಹೆಚ್ಚು ದೇಶಗಳ ಹಿಡಿಮಣ್ಣನ್ನು ಒಂದು ಕುಂಭದಲ್ಲಿ ಸೇರಿಸಿ ಅದನ್ನು ಸ್ಥಾಪಿಸಿದರು. ಅಂದು ಅದು ಮಳೆಗೆ ಕೊಚ್ಚಿ ಕೊರಕಲು ಬಿದ್ದ ಬರಡು ಕೆಂಪು ನೆಲ. ಬಂದು ನೆಲೆಸಿದವರು ಬದುಗಳನ್ನು ಹಾಕಿ ಮಳೆ ನೀರನ್ನು ಅಲ್ಲಲ್ಲಿಯೇ ಇಂಗಿಸಿದರು, ಲಕ್ಷಾಂತರ ಗಿಡಗಳನ್ನು ನೆಟ್ಟರು. ಇಂದು ಅಲ್ಲಿ ಕಾಡು ನಿಂತಿದೆ. ಅಲ್ಲಿ 1997ರಲ್ಲಿ ಆರಂಭವಾದ 'ಸೋಲಾರ್ ಕಿಚನ್' ಎಂಬ ಸಾಮೂಹಿಕ ಅಡುಗೆ ಮನೆಯ ಮಾಳಿಗೆಯ ಮೇಲೆ 15 ಮೀಟರ್ ಅಗಲದ, ಕನ್ನಡಿಗಳನ್ನು ಹೊದಿಸಿದ ಬೋಗುಣಿಯಿದೆ. ಅದು ಬಿಸಿಲನ್ನು ಒಂದೆಡೆ ಕೂಡಿಸಿ ಹಬೆ ಮಾಡುತ್ತದೆ. ಆ ಹಬೆ ನೂರಾರು ಜನರ ಊಟವನ್ನು ಬೇಯಿಸಲು ನೆರವಾಗುತ್ತದೆ. ಬಿಸಿಲು ನಮ್ಮ ಕಲಬುರಗಿಯಲ್ಲೇನು ಕಡಿಮೆಯೇ?

ಅಲ್ಲಿಯೂ ಮನಸ್ತಾಪಗಳಿಲ್ಲದಿಲ್ಲ. 2021ರ ಡಿಸೆಂಬರಿನಲ್ಲಿ ರಸ್ತೆಗಾಗಿ ಮರಗಳನ್ನು ಕಡಿಯುವ ಪ್ರಶ್ನೆಯಲ್ಲಿ ಆಡಳಿತಕ್ಕೂ ನಿವಾಸಿಗಳಲ್ಲಿ ಹಲವರಿಗೂ ವಿರೋಧ ಹುಟ್ಟಿ, ವ್ಯಾಜ್ಯವು ನ್ಯಾಯಾಲಯದವರೆಗೆ ಹೋಯಿತು. ಗಿಡ ನೆಡುವುದಕ್ಕಿಂತ, ನೆಟ್ಟವರು ಕೂಡಿ ಬಾಳುವುದೇ ಕಠಿಣವೆಂಬುದು ಇದರಿಂದ ತಿಳಿಯುವ ಪಾಠ.

ನಮ್ಮ ನೆರೆಯ ಜಹೀರಾಬಾದ್

ಅಷ್ಟು ದೂರ ಹೋಗಲಾರದವರು ಕಮಲಾಪುರದ ದಾರಿ ಹಿಡಿಯಬಹುದು. ಕೆಂಪು ಬಾಳೆಗೆ ಹೆಸರಾದ, ಆ ಬಾಳೆಗಾಗಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದ ಕಮಲಾಪುರವನ್ನು ದಾಟಿ, ಹುಮನಾಬಾದಿನಲ್ಲಿ ಹೈದರಾಬಾದಿನ ಹೆದ್ದಾರಿಗೆ ಹೊರಳಿದರೆ ಕೆಲವೇ ಗಂಟೆಗಳಲ್ಲಿ ಜಹೀರಾಬಾದ್ ಬರುತ್ತದೆ. ಈಗ ಅದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆ. ಕನ್ನಡದ ಮಾತು ಅಲ್ಲಿಯೂ ಕಿವಿಗೆ ಬೀಳುತ್ತದೆ.

ಜಹೀರಾಬಾದಿನ ಬಳಿಯ ಪಸ್ತಾಪುರವನ್ನು ಕೇಂದ್ರವಾಗಿಟ್ಟುಕೊಂಡು 1983ರಿಂದ 'ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ' ಎಂಬ ಸಂಸ್ಥೆಯು ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಅವರು ಮೈಸೂರಿನಲ್ಲಿ ಜನಿಸಿದವರು, ದೂರದರ್ಶನದಲ್ಲಿ ದುಡಿದವರು. 2023ರ ಮಾರ್ಚಿನಲ್ಲಿ ನಿಧನರಾದರು. ಆದರೆ ಈ ಕಾರ್ಯದ ನಿಜವಾದ ಜೀವಾಳವೆಂದರೆ ಹಳ್ಳಿಹಳ್ಳಿಗಳ ಸಂಘಗಳಲ್ಲಿ ಕೂಡಿದ ಬಡ ಹೆಣ್ಣುಮಕ್ಕಳು. ಅವರಲ್ಲಿ ಬಹುತೇಕರು ದಲಿತರು, ಓದುಬರಹ ಬಾರದವರು, ಒಂದೆರಡು ಎಕರೆ ಬರಡು ಭೂಮಿಯ ಒಡತಿಯರು.

ಅವರು ಮಾಡಿದ್ದೇನು? ಒಂದೇ ಹೊಲದಲ್ಲಿ ಜೋಳ, ತೊಗರಿ, ಸಜ್ಜೆ, ನವಣೆ ಮೊದಲಾದ ಹತ್ತಾರು ಬೆಳೆಗಳನ್ನು ಕೂಡಿಸಿ ಬಿತ್ತಿದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಬೀಜಗಳನ್ನು ಬೂದಿ, ಬೇವಿನ ಎಲೆಗಳೊಡನೆ ಬುಟ್ಟಿಗಳಲ್ಲಿ ಜೋಪಾನ ಮಾಡಿದರು. ಬೀಜವಿಲ್ಲದವಳು ಬಂದು ಕೇಳಿದರೆ ಹಣ ಪಡೆಯದೆ ಕೊಟ್ಟರು. ಸುಗ್ಗಿಯಾದ ಮೇಲೆ ಒಂದಕ್ಕೆ ಎರಡಾಗಿ ಅದು ಸಂಘಕ್ಕೆ ಮರಳಬೇಕೆಂಬುದಷ್ಟೇ ಕರಾರು.

ಅದಕ್ಕಿಂತಲೂ ನಮ್ಮ ಮನಸ್ಸನ್ನು ಸೆರೆಹಿಡಿದದ್ದು ಅವರ ಧಾನ್ಯನಿಧಿ. 1990ರ ದಶಕದಲ್ಲಿ ಅವರು ಪಾಳುಬಿದ್ದ ಹೊಲಗಳನ್ನು ಸಾಗುವಳಿಗೆ ತರಲು ಸಣ್ಣ ರೈತರಿಗೆ ಸಾಲ ಕೊಟ್ಟರು. ಸಾಲವು ಹಣವಾಗಿ ಮರಳದೆ ಜೋಳವಾಗಿ ಮರಳಿತು. ಆ ಜೋಳವನ್ನು ಊರಲ್ಲಿಯೇ ಕೂಡಿಟ್ಟು, ಕೈಯಲ್ಲಿ ಕಾಸಿಲ್ಲದ ಮಳೆಗಾಲದ ತಿಂಗಳುಗಳಲ್ಲಿ ಬಡ ಮನೆಗಳಿಗೆ ಕಡಿಮೆ ಬೆಲೆಗೆ ಕೊಟ್ಟರು. ಯಾರು ಬಡವರೆಂಬುದನ್ನು ನಿಶ್ಚಯಿಸಿದವರು ಕಚೇರಿಯವರಲ್ಲ. ಊರವರೇ ಒಟ್ಟಾಗಿ ಕುಳಿತು ನಿಶ್ಚಯಿಸಿದರು. ಇದು ದಾಸೋಹವಲ್ಲದೆ ಮತ್ತೇನು? 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ 'ಈಕ್ವೇಟರ್' ಪ್ರಶಸ್ತಿಯು ಈ ಸಂಸ್ಥೆಗೆ ಸಂದಿತು. ಅದೇ ವರ್ಷ ನಮ್ಮ ಕಲಬುರಗಿಯ ತೊಗರಿ ಬೇಳೆಗೂ ಭೌಗೋಳಿಕ ಸೂಚಿಯ ಗೌರವ ಲಭಿಸಿತು. ಆದರೆ ತೊಗರಿಯೊಂದನ್ನೇ ನೆಚ್ಚಿದ ನಮ್ಮ ಎರೆ ಹೊಲಗಳಿಗೆ 2022ರಲ್ಲಿ ನೆಟೆ ರೋಗ ತಗುಲಿದಾಗ ರೈತರು ಪಟ್ಟ ಸಂಕಟವನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಹೆಸರು ಬಂದ ಬೆಳೆಯೂ ಒಂಟಿಯಾಗಿ ನಿಂತರೆ ಬಾಗುತ್ತದೆ.

ಸಾಕೆಂಬ ಅರಿವು

ಇಷ್ಟನ್ನು ಕಂಡು ಬಂದ ಮೇಲೆ ನಮ್ಮ ನೆನಪಿಗೆ ಬಂದವಳು ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಮಾರಯ್ಯನವರದು ಅಕ್ಕಿ ಆಯುವ ಕಾಯಕ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಆ ದಂಪತಿಗಳು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ನಮ್ಮದಲ್ಲವೆಂದು ಪತಿಗೆ ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿದಳು. ಆ ಮನೆಯಲ್ಲಿ ಬಡತನವಿತ್ತು. ಆದರೆ ಸಾಕೆಂಬ ಮಾತನ್ನು ಆಡಿದ್ದು ಆ ಬಡಮನೆಯೇ.

ನಮ್ಮ ಊರಿನ ಮಹಾದಾಸೋಹಿ ಶರಣಬಸವೇಶ್ವರರ ಚರಿತೆಯೂ ಇದನ್ನೇ ಸಾರುತ್ತದೆ. ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಅವರು ಮೂಲತಃ ಒಕ್ಕಲು ಮಗ. ತೆನೆ ತುಂಬಿದ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ಅವು ಉಂಡು ದಣಿವಾರಿಸಿಕೊಳ್ಳಲೆಂದು ನೀರನ್ನೂ ಇರಿಸುತ್ತಿದ್ದರೆಂದು ಭಕ್ತರು ಇಂದಿಗೂ ಹೇಳುತ್ತಾರೆ. ಹೊಲ ತನ್ನದೊಬ್ಬನದಲ್ಲವೆಂದು ಬಗೆದ ಒಕ್ಕಲಿಗನ ಆ ನಡೆಯೇ ಮುಂದೆ ಈ ಊರಿನ ದಾಸೋಹವಾಗಿ ಬೆಳೆಯಿತು.

ಹಾಗೆಂದು, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಬೀಗುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಇದ್ದುದನ್ನು ನಾವು ಉಳಿಸಿಕೊಂಡೆವೇ ಎಂಬುದು ಪ್ರಶ್ನೆ. ನಮ್ಮ ಮದುವೆಗಳಲ್ಲಿ ಎಲೆಯ ಮೇಲೆ ಬಿಟ್ಟೆದ್ದ ಅನ್ನವೆಷ್ಟು! ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳನ್ನು ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದ್ದರೂ, ಪ್ರಸಾದ ಹಂಚಿದ ಮರುದಿನ ಗಟಾರದಲ್ಲಿ ತೇಲುವುದು ಯಾವುದು? ಕಲ್ಲು ಮಣ್ಣಿನ ತಂಪು ಮಾಳಿಗೆ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿದೆವು. ಆಮೇಲೆ ಸೆಕೆ ತಾಳಲಾರದೆ ಕೋಣೆಗೊಂದು ತಂಪು ಯಂತ್ರವನ್ನಿಟ್ಟು, ನಮ್ಮ ಮನೆಯ ಬಿಸಿಯನ್ನು ಓಣಿಗೆ ಊದುತ್ತಿದ್ದೇವೆ. ಇವೆಲ್ಲವೂ ಬೇರೆಯವರ ಮನೆಯ ಮಾತಲ್ಲ, ನಮ್ಮ ಮನೆಯ ಮಾತೇ.

ಓಣಿಯೇ ಗ್ರಾಮವಾಗಲಿ

ಪರಿಸರ ಗ್ರಾಮ ಕಟ್ಟಲು ಎಲ್ಲರೂ ಊರು ಬಿಟ್ಟು ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಎಂಟು ಹತ್ತು ಮನೆಗಳ ಒಂದು ಓಣಿ ಮನಸ್ಸು ಮಾಡಿದರೆ ಸಾಕು. ಲೆಕ್ಕ ಸರಳವಾಗಿದೆ. ನಮ್ಮ ಭಾಗದಲ್ಲಿ ಸಾಧಾರಣ ವರ್ಷದಲ್ಲಿ 700 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಮಳೆಯಾಗುತ್ತದೆ. 100 ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವ ನೀರು 70,000 ಲೀಟರ್. ಐದನೆಯ ಒಂದು ಪಾಲು ವ್ಯರ್ಥವಾಯಿತೆಂದರೂ 56,000 ಲೀಟರ್ ಉಳಿಯುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ ಅದು ಮೂರೂವರೆ ಸಾವಿರ ಕೊಡಗಳಿಗೂ ಮಿಗಿಲು. ನಾವು ಪಕ್ಕದ ಮನೆಗೆ ಕೊಟ್ಟದ್ದು ಎರಡು ಕೊಡ. ನಮ್ಮ ಮಾಳಿಗೆಯಿಂದ ವರ್ಷವರ್ಷವೂ ಗಟಾರಕ್ಕೆ ಬಿಟ್ಟದ್ದು ಮೂರೂವರೆ ಸಾವಿರ ಕೊಡ.

ಮಾಡುವ ರೀತಿಯೂ ಕಠಿಣವಲ್ಲ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು. ಆಮೇಲಿನ ನೀರನ್ನು ಬೆಣಚುಕಲ್ಲು, ಮರಳು, ಇದ್ದಿಲುಗಳ ಪದರಗಳ ಮೂಲಕ ಸೋಸಿ ತೊಟ್ಟಿಗೆ ತುಂಬಬೇಕು; ಹೆಚ್ಚಾದುದನ್ನು ಕೊಳವೆ ಬಾವಿಯ ಬಳಿಯ ಇಂಗುಗುಂಡಿಗೆ ಹರಿಸಬೇಕು. ಸೋಸದ ನೀರನ್ನು ಮಾತ್ರ ನೇರವಾಗಿ ಬಾವಿಗೆ ಬಿಡಲಾಗದು. ಹಾಗೆ ಬಿಟ್ಟರೆ ಇದ್ದ ನೀರೂ ಕೆಟ್ಟೀತು.

ನೀರಿನಿಂದ ಆರಂಭಿಸಿದರೆ ಉಳಿದುವು ತಾವಾಗಿ ಹಿಂಬಾಲಿಸುತ್ತವೆ. ಕಾಯಿಪಲ್ಲೆಯ ಸಿಪ್ಪೆಗೆ ಓಣಿಗೊಂದು ಗೊಬ್ಬರದ ಗುಂಡಿ. ಮನೆಮನೆಗೆ ಬೇಕಾದ ಜೋಳ, ಬೇಳೆಗಳನ್ನು ಒಟ್ಟುಗೂಡಿಸಿ ಪರಿಚಯದ ರೈತನಿಂದಲೇ ಸುಗ್ಗಿಯಲ್ಲಿ ಕೊಂಡರೆ ಅವನಿಗೂ ನ್ಯಾಯದ ಬೆಲೆ, ನಮಗೂ ಒಳ್ಳೆಯ ಕಾಳು. ಹತ್ತು ಮನೆಗಳ ಪಾಲಿನಿಂದ ನೂರು ಸ್ಟೀಲಿನ ತಟ್ಟೆಗಳನ್ನು ತಂದಿಟ್ಟರೆ, ಯಾರ ಮನೆಯಲ್ಲಿ ಗುರುಪ್ರವೇಶವಾದರೂ, ತೊಟ್ಟಿಲ ಕಾರ್ಯವಾದರೂ ಎಸೆಯುವ ತಟ್ಟೆ ಬೇಕಾಗದು. ಉಂಡ ತಟ್ಟೆಯನ್ನು ತೊಳೆಯಲು ಗಂಡಸರೂ ಮುಂದಾಗಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ಆಡುವ ಮಾತಷ್ಟೇ ಆಗಬಾರದು.

ಕಳೆದ ಮಳೆಗಾಲಕ್ಕೆ ಮುನ್ನ ನಮ್ಮ ಮನೆ ಮತ್ತು ಪಕ್ಕದ ಮನೆಯವರು ಕೂಡಿ, ಎರಡೂ ಕಂಪೌಂಡುಗಳ ನಡುವೆ ಒಂದೇ ಇಂಗುಗುಂಡಿ ತೋಡಿದೆವು. ಅದಕ್ಕಾಗಿ ಹತ್ತು ಅಡಿ ಗೋಡೆಯನ್ನು ಕೆಡವಬೇಕಾಯಿತು. ಗೋಡೆಯನ್ನು ಮತ್ತೆ ಕಟ್ಟಿಸಲಿಲ್ಲ. ಪಕ್ಕದ ಮನೆಯ ಬಾವಿಗೆ ನೀರು ಇನ್ನೂ ಮರಳಿ ಬಂದಿಲ್ಲ. ಒಂದು ಮಳೆಗಾಲಕ್ಕೆ ಬಂದೀತೆಂದು ನಾವು ನಂಬಿಯೂ ಇರಲಿಲ್ಲ. ನಮ್ಮ ಬಾವಿಯಿಂದ ಅವರ ತೊಟ್ಟಿಗೊಂದು ಕೊಳವೆ ಎಳೆದಿದ್ದೇವೆ. ವಿದ್ಯುತ್ತಿನ ಬಿಲ್ಲಿನಲ್ಲಿ ಅವರು ಪಾಲು ಕೊಡುತ್ತಾರೆ. ಆ ತಾಯಿ ಈಗ ಕೊಡ ಹಿಡಿದು ನಮ್ಮ ಬಾಗಿಲಿಗೆ ಬರಬೇಕಾಗಿಲ್ಲ. ಸಂಜೆ ಸುಮ್ಮನೆ ಮಾತಿಗೆ ಬರುತ್ತಾರೆ, ಗೋಡೆ ಬಿದ್ದ ದಾರಿಯಿಂದ.

ನಿಮ್ಮ ಓಣಿಯಲ್ಲಿ ಇಂಥ ಪ್ರಯತ್ನ ನಡೆದಿದ್ದರೆ ನಮಗೆ ತಿಳಿಸಿರಿ. ನಡೆಯದಿದ್ದರೆ ಮುಂಗಾರಿಗೆ ಮುನ್ನ ಪಕ್ಕದ ಮನೆಯ ಬಾಗಿಲು ತಟ್ಟಿರಿ.