ಸ್ಯಾಂಕ್ಷನ್: ವರವೋ, ಶಿಕ್ಷೆಯೋ?

ಮನೆ ಕಟ್ಟಲು ಸಾಲ ‘ಸ್ಯಾಂಕ್ಷನ್’ ಆಯಿತೆಂದರೆ ಅಪ್ಪ ಸಿಹಿ ಪೊಟ್ಟಣ ಹಿಡಿದು ಬರುತ್ತಾರೆ. ಅದೇ ಮನೆಯ ಮಗ, 2022ರಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದ ರಷ್ಯಕ್ಕೆ ಪಶ್ಚಿಮದ ದೇಶಗಳಿಂದ ‘ಸ್ಯಾಂಕ್ಷನ್ಸ್’ ಬಂದವೆಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದರೆ, ರಷ್ಯಕ್ಕೂ ಸಾಲ ಸಿಕ್ಕಿತೆಂದು ತಿಳಿದಾನು! ತಪ್ಪು ಹುಡುಗನದಲ್ಲ. ಕಚೇರಿ, ಬ್ಯಾಂಕುಗಳ ದೆಸೆಯಿಂದ ಈ ಪದ ಕನ್ನಡದ್ದೇ ಎನ್ನುವಷ್ಟು ರೂಢಿಯಾಗಿದೆ. ಆದರೆ ರೂಢಿಯಲ್ಲಿರುವುದು ಅದರ ಒಂದು ಮುಖ ಮಾತ್ರ.

ಒಪ್ಪಿಗೆಗೂ ದಂಡನೆಗೂ ಒಂದೇ ಪದ ಹೇಗೆ? ಮೂಲದ ಲ್ಯಾಟಿನ್ ಕ್ರಿಯಾಪದಕ್ಕೆ ಪವಿತ್ರಗೊಳಿಸು, ಯಾರೂ ಮೀರದಂತೆ ಕಟ್ಟುಮಾಡು ಎಂದರ್ಥ. ಗರ್ಭಗುಡಿಗೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಯಾಂಕ್ಟಮ್’, ರಂಗನತಿಟ್ಟಿನ ಪಕ್ಷಿಧಾಮಕ್ಕೆ ಹೇಳುವ ‘ಸ್ಯಾಂಕ್ಚುಯರಿ’ ಇದೇ ಬೇರಿನವು. ಅಧಿಕಾರಸ್ಥರು ಮುದ್ರೆ ಒತ್ತಿದರೆ ಒಪ್ಪಿಗೆ. ಮುದ್ರೆ ಬಿದ್ದ ಕಟ್ಟಳೆಯನ್ನು ಮೀರಿದರೆ ಶಿಕ್ಷೆ. ಆ ಶಿಕ್ಷೆಗೂ ಅದೇ ಹೆಸರು ಅಂಟಿಕೊಂಡಿತು. ದೀಪ ಆರಿಸುವುದಕ್ಕೆ ‘ದೀಪ ದೊಡ್ಡದು ಮಾಡು’ ಎನ್ನುವ ಅಜ್ಜಿಯರಿಗೆ ಇದೇನೂ ವಿಚಿತ್ರವೆನಿಸದು.

ದೇಶ ದೇಶಗಳ ನಡುವೆ ಈ ಪದ ದಿಗ್ಬಂಧನವಾಗುತ್ತದೆ. 1935ರಲ್ಲಿ ಇಥಿಯೋಪಿಯದ ಮೇಲೆ ಬಿದ್ದ ಇಟಲಿಗೆ ಲೀಗ್ ಆಫ್ ನೇಷನ್ಸ್ ಸ್ಯಾಂಕ್ಷನ್ಸ್ ವಿಧಿಸಿತು. ತೈಲವನ್ನು ಮಾತ್ರ ತಡೆಯಲಿಲ್ಲ, ಹಾಗಾಗಿ ಏಟು ತಾಗಲಿಲ್ಲ ಎನ್ನಿ! 1990ರಲ್ಲಿ ಕುವೈತನ್ನು ನುಂಗಿದ ಇರಾಕಿನ ಸರದಿ. 1998ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ನಂತರ ಭಾರತದ್ದೇ ಸರದಿ. ಅದರ ಬಿಸಿ ಬೆಂಗಳೂರಿಗೂ ತಟ್ಟಿತು. ಇಲ್ಲಿ ರೂಪುಗೊಳ್ಳುತ್ತಿದ್ದ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕಕ್ಕೆ ಹೋಗಿದ್ದ ಎಂಜಿನಿಯರುಗಳು ಅರ್ಧದಲ್ಲೇ ಮರಳಬೇಕಾಯಿತು. ಉಳಿದ ಕೆಲಸವನ್ನು ಇಲ್ಲಿಯೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಆಕಾಶಕ್ಕೇರಿತು. ಅಮೆರಿಕ ಹೆಚ್ಚಿನ ನಿರ್ಬಂಧಗಳನ್ನು ಸಡಿಲಿಸಿದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ.

ಇನ್ನು ಓದುವಾಗ ಯಾವ ಅರ್ಥವೆಂದು ತಿಳಿಯುವುದು ಹೇಗೆ? ಪದದ ನೆರೆಹೊರೆ ನೋಡಬೇಕು. ಮುಂದೆ ‘ಇಂಪೋಸ್’ ಅಥವಾ ‘ಲಿಫ್ಟ್’, ಹಿಂದೆ ‘ಅಗೇನ್ಸ್ಟ್’, ಜೊತೆಗೆ ಬಹುವಚನ ಇದ್ದರೆ ಸಾಮಾನ್ಯವಾಗಿ ಶಿಕ್ಷೆ. ‘ಗಿವ್’, ‘ಗ್ರಾಂಟ್’ ಜೊತೆ ಏಕವಚನದಲ್ಲಿ ಬಂದರೆ ಅನುಮತಿ. ಆದರೂ ಎಡವುವ ಒಂದು ಜಾಗವುಂಟು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಹುದ್ದೆಯಲ್ಲಿರುವ ಸರ್ಕಾರಿ ನೌಕರನ ವಿಚಾರಣೆಗೆ ‘ಸ್ಯಾಂಕ್ಷನ್’ ಬೇಕು. ಸುತ್ತಲೂ ಕೋರ್ಟು, ಆರೋಪ, ಜೈಲಿನ ಮಾತೇ ಇದ್ದರೂ ಅಲ್ಲಿ ಅದು ಶಿಕ್ಷೆಯಲ್ಲ, ಬರೀ ಅನುಮತಿ.

ಕ್ರಿಯಾಪದವಾದರೆ ಕರ್ಮಪದವೇ ಸುಳಿವು. ಮಂಡಳಿ ಪಂದ್ಯಾವಳಿಯನ್ನು ‘ಸ್ಯಾಂಕ್ಷನ್’ ಮಾಡಿದರೆ ಒಪ್ಪಿತು. ಆಟಗಾರನನ್ನು ಮಾಡಿದರೆ ದಂಡಿಸಿತು. ರಜೆ ಅರ್ಜಿ ಬರೆಯುವವರೂ ನೋಡಿಕೊಳ್ಳಬೇಕು. ‘ಸ್ಯಾಂಕ್ಷನ್ ಮೈ ಲೀವ್’ ಎಂದರೆ ರಜೆ ಮಂಜೂರು ಮಾಡಿ ಎಂದಾಯಿತು. ಅವಸರದಲ್ಲಿ ‘ಸ್ಯಾಂಕ್ಷನ್ ಮಿ’ ಎಂದಷ್ಟೇ ಬರೆದು ಸಹಿ ಹಾಕಿದರೆ, ‘ನನ್ನನ್ನು ದಂಡಿಸಿ’ ಎಂದು ಬೇಡಿಕೊಂಡಂತೆ.